ಜೋಗಿಮಟ್ಟಿಯ ಸೂರ್ಯೋದಯ: ಎಪ್ಪತ್ತು ದಾಟಿದ ತಂದೆಯವರನ್ನು ಕರೆದೊಯ್ಯುವುದು ಹೇಗೆ?

ಬೆಣ್ಣೆನಗರಿಯವ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ ಎಪ್ಪತ್ತಮೂರು ವರ್ಷ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಬಹುಕಾಲ ಬೆಳಗಿನ ಪಾಳಿಯಲ್ಲಿ ದುಡಿದವರಾದ್ದರಿಂದ, ಊರಿಗೆಲ್ಲ ಸೂರ್ಯ ಹುಟ್ಟುವ ಹೊತ್ತಿಗೆ ಅವರು ನೂಲಿನ ಧೂಳಿನ ನಡುವೆ ಯಂತ್ರದ ಮುಂದೆ ನಿಂತಿರುತ್ತಿದ್ದರು. ಯೌವನದಲ್ಲಿ ಒಮ್ಮೆ, ಶ್ರಾವಣ ಮಾಸದಲ್ಲಿ, ಗೆಳೆಯರೊಂದಿಗೆ ಚಿತ್ರದುರ್ಗಕ್ಕೆ ಹೋಗಿ ನಸುಕಿನಲ್ಲಿ ಜೋಗಿಮಟ್ಟಿಯನ್ನು ಕಾಲ್ನಡಿಗೆಯಲ್ಲೇ ಹತ್ತಿದ್ದರಂತೆ. ಆದರೆ ಮೇಲೆ ತಲುಪಿದಾಗ ಎದುರಿಗಿದ್ದ ಮನುಷ್ಯನೂ ಕಾಣದಷ್ಟು ಮಂಜು ಕವಿದಿದ್ದರಿಂದ, ಒಂಬತ್ತು ಗಂಟೆಯವರೆಗೆ ನಡುಗುತ್ತಾ ಕುಳಿತು ಸೂರ್ಯನನ್ನು ಕಾಣದೆಯೇ ಹಿಂದಿರುಗಿದರು. ಈ ಕಥೆಯನ್ನು ನಮ್ಮ ಮನೆಯಲ್ಲಿ ಕೇಳದವರಿಲ್ಲ. ಈಗ ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು, ಅಜ್ಜನಿಗೆ ಆ ಸೂರ್ಯನನ್ನು ತೋರಿಸಲೇಬೇಕೆಂದು ಹಟ ಹಿಡಿದಿದ್ದಾಳೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಕಾರಿನಲ್ಲಿ ಹೋಗಬೇಕೆಂಬ ಆಲೋಚನೆ ಇದೆ. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು ಅರವತ್ತು ಕಿಲೋಮೀಟರ್ ಇರುವುದರಿಂದ ಅಲ್ಲಿಯವರೆಗಿನ ಪಯಣದ ಚಿಂತೆ ನನಗಿಲ್ಲ. ಅಲ್ಲಿಂದ ಮುಂದೆ ಬೆಟ್ಟದ ಮೇಲಿನವರೆಗೆ ಕಾರು ಹೋಗುತ್ತದೆಯೇ, ಮಂಡಿನೋವಿರುವ ಹಿರಿಯರು ಎಷ್ಟು ನಡೆಯಬೇಕಾಗುತ್ತದೆ, ಕತ್ತಲಲ್ಲಿ ಒಳಗೆ ಬಿಡುತ್ತಾರೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಮತ್ತೆ ಮಂಜೇ ಕವಿದರೆ ತಂದೆಯವರನ್ನು ಇನ್ನೊಮ್ಮೆ ಹೊರಡಿಸುವುದು ಕಷ್ಟ. ಆದ್ದರಿಂದ ಯಾವ ತಿಂಗಳು, ಯಾವ ಬಗೆಯ ದಿನ ಆರಿಸಿಕೊಳ್ಳಬೇಕೆಂಬುದೇ ನನ್ನ ಮುಖ್ಯ ಪ್ರಶ್ನೆ.

ಕೋಟೆ ಹಿಂದಿನ ಮನೆ (ಚಿತ್ರದುರ್ಗ)

ನಮಸ್ಕಾರ ಸರ್. ನಾನು ಹುಟ್ಟಿ ಬೆಳೆದದ್ದು ದುರ್ಗದಲ್ಲೇ. ಜೋಗಿಮಟ್ಟಿಗೆ ಎಷ್ಟು ಸಲ ಹೋಗಿದ್ದೇನೆಂಬ ಲೆಕ್ಕವಿಲ್ಲ, ಆದರೆ ಸೂರ್ಯ ಹುಟ್ಟುವುದಕ್ಕೆ ಮುಂಚೆ ಮೇಲೆ ತಲುಪಿದ್ದನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಅದಕ್ಕೆ ಕಾರಣ ನನ್ನ ಸೋಮಾರಿತನವಲ್ಲ, ಅರಣ್ಯ ಇಲಾಖೆಯ ಗೇಟು.

ನಿಮ್ಮ ತಂದೆಯವರು ಹತ್ತಿದ ಕಾಲದಲ್ಲಿ ಅದು ಕಾಯ್ದಿಟ್ಟ ಅರಣ್ಯವಾಗಿತ್ತು. 2015ರಲ್ಲಿ ಸುಮಾರು ನೂರು ಚದರ ಕಿಲೋಮೀಟರ್ ಕಾಡನ್ನು ಜೋಗಿಮಟ್ಟಿ ವನ್ಯಜೀವಿಧಾಮವೆಂದು ಘೋಷಿಸಿದ ಮೇಲೆ ಅದರ ಶಿಸ್ತೇ ಬೇರೆ. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಒಳಗೆ ಹೋಗುವುದು, ಕತ್ತಲಾದ ಮೇಲೆ ಒಳಗೆ ಉಳಿಯುವುದು ಎರಡಕ್ಕೂ ಅವಕಾಶವಿಲ್ಲ. ಊರಿನಿಂದ ದಕ್ಷಿಣಕ್ಕೆ ಆಡುಮಲ್ಲೇಶ್ವರದ ಕಿರು ಮೃಗಾಲಯದ ಕಡೆಗೆ ಹೋಗುವ ದಾರಿಯಲ್ಲೇ ಮುಂದುವರಿದರೆ ಬೆಟ್ಟದ ರಸ್ತೆ ಸಿಗುತ್ತದೆ. ಊರಿನಿಂದ ತುದಿಯವರೆಗೆ ಹತ್ತು ಕಿಲೋಮೀಟರಿನ ಮೇಲೆ ಸ್ವಲ್ಪವಷ್ಟೇ. ಕಳೆದ ಜನವರಿಯಲ್ಲಿ ನಾವು ಹೋದಾಗ ಆರು ಗಂಟೆಗೆ ಚೆಕ್‌ಪೋಸ್ಟಿನಲ್ಲಿ ಹೆಸರು, ಗಾಡಿ ನಂಬರು ಬರೆಸಿಕೊಂಡು ಬಿಟ್ಟರು. ನೀವು ಹೊರಡುವ ಹಿಂದಿನ ದಿನ ಊರಿನ ಅರಣ್ಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಳ್ಗಿಚ್ಚಿನ ಭಯವಿದ್ದಾಗ, ಕಾಡುಪ್ರಾಣಿ ರಸ್ತೆಯ ಬಳಿ ಕಾಣಿಸಿಕೊಂಡಾಗ, ರಸ್ತೆಯ ದುರಸ್ತಿ ನಡೆಯುವಾಗ ಪ್ರವೇಶವನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದುಂಟು.

ಕಾರು ಮೇಲಿನ ಹಳೆಯ ವಿಶ್ರಾಂತಿಗೃಹದ ಆಸುಪಾಸಿನವರೆಗೂ ಹೋಗುತ್ತದೆ. ರಸ್ತೆ ಕಿರಿದು, ತಿರುವುಗಳು ಬಿಗಿ. ಎರಡನೆಯ ಗೇರಿನಲ್ಲಿ ಸಮಾಧಾನವಾಗಿ ಹತ್ತಿದರೆ ತೊಂದರೆಯಿಲ್ಲ. ಎದುರಿನಿಂದ ಜೀಪು ಬಂದರೆ ಮೇಲೆ ಹತ್ತುತ್ತಿರುವವರಿಗೆ ದಾರಿ ಬಿಡುವುದು ಬೆಟ್ಟದ ರೂಢಿ, ಆದರೆ ಅದನ್ನು ನಂಬಿಕೊಂಡು ತಿರುವಿನಲ್ಲಿ ನುಗ್ಗಬೇಡಿ. ಗಾಡಿ ನಿಲ್ಲಿಸಿದ ಮೇಲೆ ನೋಟದ ಜಾಗಕ್ಕೆ ಏರು ನಡಿಗೆ ಇದೆ; ಕೋಲು ಹಿಡಿದು, ನಡುವೆ ಎರಡು ಸಲ ಕುಳಿತು ಹೋದರೆ ನಿಮ್ಮ ತಂದೆಯವರಿಗೆ ಅದು ಅಸಾಧ್ಯವೇನಲ್ಲ. ಹಿಮವತ್ಕೇದಾರದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ನೋಡಬೇಕೆಂದು ಅವರು ಕೇಳಬಹುದು, ಹಳಬರೆಲ್ಲ ಕೇಳುತ್ತಾರೆ. ಆ ಇಳಿಜಾರು ಮಾತ್ರ ಮಂಡಿನೋವಿನವರಿಗೆ ಬೇಡ.

ಭೂಗೋಳದ ಮೇಷ್ಟ್ರು (ಹೊಳಲ್ಕೆರೆ)

ಗೇಟಿನ ಮಾತನ್ನು ಮೇಲಿನವರು ಸರಿಯಾಗಿ ಎತ್ತಿದ್ದಾರೆ. ಅದಕ್ಕೆ ಸೂರ್ಯನ ಲೆಕ್ಕವನ್ನು ಸೇರಿಸಿದರೆ ನಿಮ್ಮ ತಿಂಗಳು ತಾನಾಗಿಯೇ ನಿರ್ಧಾರವಾಗುತ್ತದೆ.

ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿನ ಮೇಲೆ. ಚಿತ್ರದುರ್ಗವಿರುವುದು ಸುಮಾರು 76.4 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಈ ಅಂತರಕ್ಕೆ ಇಪ್ಪತ್ತನಾಲ್ಕು ನಿಮಿಷ ತಗಲುವುದರಿಂದ, ಗಡಿಯಾರ ಹೇಳುವುದಕ್ಕಿಂತ ಅಷ್ಟು ತಡವಾಗಿಯೇ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. (ದಾವಣಗೆರೆಯವರಿಗೆ ಇನ್ನೂ ಎರಡು ನಿಮಿಷ ತಡ. ನೀವು ದುರ್ಗಕ್ಕೆ ಬಂದರೆ ಎರಡು ನಿಮಿಷ ಮುಂಚಿತವಾಗಿ ಸೂರ್ಯನನ್ನು ಕಂಡ ಲಾಭ ನಿಮಗಿದೆ.) ಜೂನ್ ಮೊದಲ ವಾರದಲ್ಲಿ ಇಲ್ಲಿ ಸೂರ್ಯೋದಯ 5 ಗಂಟೆ 55 ನಿಮಿಷದ ಸುಮಾರಿಗೆ, ಮಾರ್ಚ್ ಮೂರನೆಯ ವಾರದಲ್ಲಿ 6 ಗಂಟೆ 28 ನಿಮಿಷ, ಡಿಸೆಂಬರ್ 22ರ ಆಸುಪಾಸಿನಲ್ಲಿ 6 ಗಂಟೆ 43 ನಿಮಿಷ.

ಅತ್ಯಂತ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬರುವುದರಿಂದ ಅಂದೇ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುತ್ತಾನೆಂದು ಹೆಚ್ಚಿನವರು ಭಾವಿಸಿದ್ದಾರೆ. ನಾನು ಪಾಠ ಮಾಡಿದ ಮೂವತ್ತು ವರ್ಷಗಳಲ್ಲಿ ಪ್ರತಿ ತರಗತಿಯೂ ಹಾಗೆಯೇ ಉತ್ತರಿಸಿದೆ. ನಿಜ ಬೇರೆ. ಜನವರಿಯ ಆರಂಭದಲ್ಲಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿದ್ದು ತನ್ನ ಕಕ್ಷೆಯಲ್ಲಿ ವೇಗವಾಗಿ ಸಾಗುತ್ತದೆ. ಈ ವೇಗವೂ ಭೂಮಿಯ ಅಕ್ಷದ ಓರೆಯೂ ಸೇರಿ, ಸೂರ್ಯ ನೆತ್ತಿಗೆ ಬರುವ ಹೊತ್ತನ್ನು ಆ ವಾರಗಳಲ್ಲಿ ದಿನದಿನವೂ ಸ್ವಲ್ಪಸ್ವಲ್ಪ ಮುಂದಕ್ಕೆ ತಳ್ಳುತ್ತವೆ. ಹೀಗಾಗಿ ಹಗಲು ಉದ್ದವಾಗತೊಡಗಿದ್ದರೂ ಸೂರ್ಯೋದಯ ಮಾತ್ರ ತಡವಾಗುತ್ತಲೇ ಹೋಗಿ, ಸಂಕ್ರಾಂತಿಯ ಹೊತ್ತಿಗೆ 6 ಗಂಟೆ 52 ನಿಮಿಷಕ್ಕೆ ಬಂದು, ಜನವರಿಯ ಕೊನೆಯ ವಾರದಲ್ಲಿ 6 ಗಂಟೆ 53 ನಿಮಿಷದಲ್ಲಿ ನಿಂತು, ಅನಂತರ ಹಿಂದಕ್ಕೆ ಸರಿಯುತ್ತದೆ.

ಇದರಿಂದ ನಿಮಗಾಗುವ ಉಪಯೋಗ ನೋಡಿ. ಗೇಟು ಆರಕ್ಕೆ ತೆರೆಯಿತೆಂದು ಇಟ್ಟುಕೊಂಡರೆ, ಜೂನ್ ತಿಂಗಳಲ್ಲಿ ನೀವು ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸುವಾಗಲೇ ಸೂರ್ಯ ಹುಟ್ಟಿ ಐದು ನಿಮಿಷವಾಗಿರುತ್ತದೆ. ಜನವರಿಯ ಕೊನೆಯಲ್ಲಿ ನಿಮ್ಮ ಕೈಯಲ್ಲಿ ಐವತ್ತಕ್ಕೂ ಹೆಚ್ಚು ನಿಮಿಷಗಳಿರುತ್ತವೆ. ನಿಧಾನವಾಗಿ ಕಾರು ಹತ್ತಿಸಿ, ತಂದೆಯವರನ್ನು ಎರಡು ಕಡೆ ಕೂರಿಸಿ, ಉಸಿರು ಹದಕ್ಕೆ ಬಂದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುವುದಕ್ಕೆ ಅಷ್ಟು ಸಾಕು. ಸಂಕ್ರಾಂತಿಗೆ ಬದಲು ಅದಾದ ಒಂದೆರಡು ವಾರಕ್ಕೆ ಇಟ್ಟುಕೊಂಡರೆ ಹಬ್ಬದ ರಜೆಯ ಜನಜಂಗುಳಿಯೂ ಇರುವುದಿಲ್ಲ.

ಅವಸರ ಪಡದೆ ತಲುಪಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ನೋಡಬೇಕಾದದ್ದು ಶುರುವಾಗುವುದು ಸೂರ್ಯ ಮೂಡುವುದಕ್ಕೆ ಇಪ್ಪತ್ತು ನಿಮಿಷ ಮುಂಚೆ, ಅದೂ ಪಶ್ಚಿಮದಲ್ಲಿ. ಎಲ್ಲರೂ ಪೂರ್ವಕ್ಕೆ ಮೊಬೈಲ್ ಹಿಡಿದು ನಿಂತಿರುವಾಗ ನೀವು ಹಿಂದಿರುಗಿ ನೋಡಿದರೆ, ದಿಗಂತದ ಮೇಲೆ ಮಾಸಲು ನೀಲಿಯ ಒಂದು ಪಟ್ಟಿಯೂ ಅದರ ಮೇಲೆ ನಸುಗೆಂಪಿನ ಇನ್ನೊಂದು ಪಟ್ಟಿಯೂ ಕಾಣುತ್ತವೆ. ಆ ನೀಲಿ, ವಾತಾವರಣದ ಮೇಲೆ ಬಿದ್ದಿರುವ ಭೂಮಿಯದೇ ನೆರಳು. ಪೂರ್ವದಲ್ಲಿ ಸೂರ್ಯ ಮೇಲೇರಿದಷ್ಟೂ ಈ ನೆರಳು ಪಶ್ಚಿಮದಲ್ಲಿ ಕೆಳಗಿಳಿದು, ಕೊನೆಗೆ ಹೊಲಗಳ ಅಂಚಿನಲ್ಲಿ ಕರಗಿಹೋಗುತ್ತದೆ. ಸೂರ್ಯ ಮೂಡಿದ ಮೇಲೆ ಅದೇ ದಿಕ್ಕಿಗೆ ಜೋಗಿಮಟ್ಟಿಯ ನೆರಳು ಚಾಚಿಕೊಳ್ಳುತ್ತದೆ. ಗಾಳಿಯಲ್ಲಿ ತುಸು ಮಬ್ಬಿದ್ದರೆ ಅದು ತ್ರಿಕೋನವಾಗಿ ಕಾಣುತ್ತದೆ. ಇದನ್ನು ನಿಮ್ಮ ಮಗಳಿಗೆ ತಪ್ಪದೆ ತೋರಿಸಿ.

ಜನವರಿಯ ಕೊನೆಯಲ್ಲಿ ಸೂರ್ಯ ನೇರ ಪೂರ್ವಕ್ಕಲ್ಲದೆ ಇಪ್ಪತ್ತು ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಎಂದರೆ ಸರಿಸುಮಾರು ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ. ಕುಳಿತುಕೊಳ್ಳುವ ಬಂಡೆಯನ್ನು ಆ ಲೆಕ್ಕದಲ್ಲಿ ಆರಿಸಿಕೊಳ್ಳಿ. ಇನ್ನೊಂದು ಸಣ್ಣ ವಿಷಯ: ಬಯಲಿಗಿಂತ ಕೆಲವು ನೂರು ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ತಗ್ಗಿ ಕಾಣುವುದರಿಂದ, ಪಂಚಾಂಗದ ಹೊತ್ತಿಗಿಂತ ಎರಡು ನಿಮಿಷ ಮುಂಚೆ ಸೂರ್ಯ ಕಾಣಬೇಕು.

ಪಿಕಳಾರ (ಚಿತ್ರದುರ್ಗ)

ನಾನು ಹಕ್ಕಿ ನೋಡುವ ಹುಚ್ಚಿನವಳು. ಮಂಜಿನ ಪ್ರಶ್ನೆಗೆ ಯಾರೂ ಉತ್ತರಿಸದೆ ಇರುವುದರಿಂದ ಬರೆಯುತ್ತಿದ್ದೇನೆ.

ನಿಮ್ಮ ತಂದೆಯವರು ಶ್ರಾವಣದಲ್ಲಿ ಕಂಡದ್ದು ಮಂಜಲ್ಲ, ಮೋಡ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಮಲೆನಾಡನ್ನು ದಾಟಿ ಬಯಲಿಗೆ ಇಳಿಯುವಾಗ ಹೆಚ್ಚಿನ ನೀರನ್ನು ಅಲ್ಲಿಯೇ ಸುರಿಸಿಬಿಟ್ಟಿರುತ್ತದೆ. ಚಿತ್ರದುರ್ಗ ಮಳೆನೆರಳಿನ ಜಿಲ್ಲೆಯಾಗಿರುವುದು ಆ ಕಾರಣದಿಂದಲೇ. ಆದರೂ ಗಾಳಿಯಲ್ಲಿ ಉಳಿದ ತೇವ ಜೋಗಿಮಟ್ಟಿಯ ಸಾಲಿಗೆ ಅಡ್ಡಬಂದು ಮೇಲೇರಿದಾಗ ತಣಿದು ಮೋಡವಾಗುತ್ತದೆ. ಕೆಳಗೆ ನಿಂತವರಿಗೆ ಅದು ಬೆಟ್ಟದ ತಲೆಯ ಮೇಲಿನ ಟೋಪಿಯಂತೆ ಕಾಣುತ್ತದೆ, ಮೇಲಿದ್ದವರು ಆ ಟೋಪಿಯ ಒಳಗೇ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬೆಟ್ಟಕ್ಕೆ ಹೋಗುವವರು ಹಸಿರಿಗಾಗಿ, ಮುಖಕ್ಕೆ ರಾಚುವ ಮೋಡಕ್ಕಾಗಿ ಹೋಗಬೇಕೇ ಹೊರತು ಸೂರ್ಯೋದಯದ ಆಸೆಯಿಂದಲ್ಲ.

ಚಳಿಗಾಲದ ಮಂಜಿನ ಹುಟ್ಟೇ ಬೇರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿ ತಣಿದು ಭಾರವಾಗಿ ಕಣಿವೆಗೆ ಇಳಿಯುತ್ತದೆ. ಅಲ್ಲಿ ಕೆರೆಯಂಗಳವೋ ತೋಟವೋ ಇದ್ದರೆ ಮಂಜು ಕಟ್ಟುತ್ತದೆ. ಇದು ತಗ್ಗಿನಲ್ಲಿ ನಿಲ್ಲುವ ಮಂಜಾದ್ದರಿಂದ ನೀವು ಅದರ ಮೇಲೆ ಇರುತ್ತೀರಿ. ಅಂಥ ಬೆಳಿಗ್ಗೆ ಉತ್ತರಕ್ಕೆ ನೋಡಿದರೆ ಬಯಲೆಲ್ಲ ಬಿಳಿಯ ನೀರು ತುಂಬಿದಂತಿದ್ದು, ಅದರ ನಡುವೆ ಕೋಟೆಯ ಕಲ್ಲುಗುಡ್ಡಗಳು ನಡುಗಡ್ಡೆಗಳಂತೆ ಎದ್ದಿರುತ್ತವೆ. ಹಿಂದಿನ ಎರಡು ದಿನ ಆಕಾಶ ತಿಳಿಯಾಗಿದ್ದು, ರಾತ್ರಿ ಗಾಳಿಯಂತ್ರಗಳ ರೆಕ್ಕೆಗಳು ಸೋಮಾರಿಯಾಗಿ ತಿರುಗುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ದುರ್ಗದ ಸುತ್ತಲ ಗುಡ್ಡಗಳಲ್ಲಿ ಸಾಲಾಗಿ ನಿಂತಿರುವ ಈ ಯಂತ್ರಗಳು ಜೋರಾಗಿ ತಿರುಗುತ್ತಿದ್ದರೆ ಮಂಜು ನಿಲ್ಲುವುದಿಲ್ಲ, ಸೂರ್ಯ ಚೆನ್ನಾಗಿ ಕಾಣುತ್ತಾನೆ. ಆದರೆ ನಿಮ್ಮ ತಂದೆಯವರಿಗೆ ಗಾಳಿಯ ಹೊಡೆತ ತಡೆಯಲಾಗದು. ತಾಪಮಾನಕ್ಕಿಂತ ಆ ಗಾಳಿಯೇ ಹೆಚ್ಚು ಕೊರೆಯುತ್ತದೆ. ಕಿವಿಗೆ ಮಫ್ಲರು, ಮೈಗೆ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ, ಕೂರುವುದಕ್ಕೆ ಒಂದು ದಪ್ಪ ಗೋಣಿ ಇಟ್ಟುಕೊಳ್ಳಿ, ಏಕೆಂದರೆ ರಾತ್ರಿಯೆಲ್ಲ ತಣಿದ ಬಂಡೆಯ ಮೇಲೆ ನೇರವಾಗಿ ಕುಳಿತರೆ ಹಿರಿಯರಿಗೆ ಸೊಂಟ ಹಿಡಿಯುತ್ತದೆ.

ಕರಡಿಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಜೋಗಿಮಟ್ಟಿಯಲ್ಲಿ ಕರಡಿ, ಚಿರತೆ, ಕೊಂಡಕುರಿ, ನವಿಲು ಎಲ್ಲವೂ ಇವೆ. ಚಿರತೆ ಮನುಷ್ಯನ ಸದ್ದು ಕೇಳಿದರೆ ತಾನಾಗಿಯೇ ದೂರ ಸರಿಯುತ್ತದೆ. ಕರಡಿಗೆ ಮೂಗು ಚುರುಕು, ಕಣ್ಣೂ ಕಿವಿಯೂ ಅಷ್ಟು ಚುರುಕಲ್ಲ. ಗೆದ್ದಲಿನ ಹುತ್ತಕ್ಕೆ ಮೂತಿಯಿಟ್ಟು ಮೈಮರೆತಿರುವಾಗ ನಾವು ಸದ್ದಿಲ್ಲದೆ ತೀರ ಹತ್ತಿರ ಹೋಗಿಬಿಟ್ಟರೆ ಬೆದರಿ ಮೇಲೆರಗುತ್ತದೆ. ಅದು ರಾತ್ರಿಯ ಮೇವು ಮುಗಿಸಿ ಕಲ್ಲುಪೊಟರೆಗೆ ಹಿಂದಿರುಗುವ ಹೊತ್ತೂ ನಮ್ಮ ಸೂರ್ಯೋದಯದ ಹೊತ್ತೂ ಒಂದೇ. ಆದ್ದರಿಂದ ಎಲ್ಲರೂ ಒಟ್ಟಿಗೆ, ಸಹಜ ದನಿಯಲ್ಲಿ ಮಾತನಾಡುತ್ತಾ, ಟಾರ್ಚ್ ಹಿಡಿದು ದಾರಿಯಲ್ಲೇ ನಡೆಯಿರಿ. ಮಗಳನ್ನು ಮುಂದೆ ಓಡಲು ಬಿಡಬೇಡಿ. ಮೊಬೈಲಿನಲ್ಲಿ ಹಾಡು ಹಾಕುವುದು ಇದಕ್ಕೆ ಪರ್ಯಾಯವಲ್ಲ. ಅದರಿಂದ ನನ್ನಂಥವರಿಗೆ ಸಿಟ್ಟು ಬರುತ್ತದೆಯೇ ವಿನಾ ಬೇರೆ ಪ್ರಯೋಜನವಿಲ್ಲ.

ತಿಂಡಿಯನ್ನು ಕಾರಿನಲ್ಲೇ ಬಿಟ್ಟು ಹೋಗಿ. ಕೋತಿಗಳು ಕೈಚೀಲದ ಗಂಟು ಬಿಚ್ಚುವುದರಲ್ಲಿ ನಮಗಿಂತ ಜಾಣರು, ಮತ್ತು ಒಮ್ಮೆ ಎಸೆದ ಮಂಡಕ್ಕಿಯ ಪೊಟ್ಟಣ ಎಷ್ಟೋ ವರ್ಷ ಆ ಬಂಡೆಗಳ ಸಂದಿನಲ್ಲೇ ಉಳಿದಿರುತ್ತದೆ. ಬಂಡೆಗಳ ನಡುವಿನ ಪೊದೆಗಳಲ್ಲಿ ಗಂಟಲು ಹಳದಿ ಬಣ್ಣದ ಒಂದು ಪಿಕಳಾರ ಕಂಡರೆ ಎರಡು ನಿಮಿಷ ನಿಂತು ನೋಡಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇರದ ಹಕ್ಕಿ ಅದು, ನನ್ನ ಹೆಸರೂ ಅದರದೇ.

ಬತೇರಿ (ಚಿತ್ರದುರ್ಗ)

ಎಲ್ಲರೂ ಜೋಗಿಮಟ್ಟಿಯನ್ನೇ ಹಿಡಿದುಕೊಂಡಿದ್ದೀರಿ. ಎಪ್ಪತ್ತಮೂರರ ಹಿರಿಯರನ್ನು ಕರಡಿ ತಿರುಗುವ ಕಾಡಿಗೆ ಕತ್ತಲಲ್ಲಿ ಕರೆದೊಯ್ಯುವ ಬದಲು ಕೋಟೆಯನ್ನೇಕೆ ಆರಿಸಿಕೊಳ್ಳಬಾರದು ಎಂಬುದು ನನ್ನ ಪ್ರಶ್ನೆ. ಏಳು ಸುತ್ತಿನ ಕೋಟೆ ಊರಿನ ಪಶ್ಚಿಮಕ್ಕಿದ್ದು ಪೂರ್ವಕ್ಕೆ ತೆರೆದುಕೊಂಡಿರುವುದರಿಂದ, ಮೇಲಿನ ಯಾವುದೇ ಬತೇರಿಯಿಂದ (ಕಾವಲಿನ ಬುರುಜಿನಿಂದ) ಊರಿನ ಮೇಲೆ ಬೀಳುವ ಮೊದಲ ಬಿಸಿಲನ್ನು ಕಾಣಬಹುದು. ಆ ಬಂಡೆಗಳು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟು. ಎಳೆಬಿಸಿಲು ಬಿದ್ದಾಗ ಅವು ಕಾದ ಕಬ್ಬಿಣದ ಬಣ್ಣಕ್ಕೆ ತಿರುಗುವುದನ್ನು ನೋಡಿದವರು ಜೋಗಿಮಟ್ಟಿಯ ಮಾತೆತ್ತುವುದಿಲ್ಲ. ಆ ಬೆಟ್ಟದ ಕಲ್ಲಿನ ಬಣ್ಣ ಮಂಕು, ಅಷ್ಟು ಚೆನ್ನಾಗಿ ಬಿಸಿಲು ಹಿಡಿಯುವುದಿಲ್ಲ.

ಭೂಗೋಳದ ಮೇಷ್ಟ್ರು (ಹೊಳಲ್ಕೆರೆ)

ಬತೇರಿಯವರ ಅಭಿಮಾನ ನನಗೂ ಇದೆ. ಆದರೆ ಅವರು ಒಂದು ಅಡಚಣೆಯನ್ನು ಬದಿಗಿಟ್ಟಿದ್ದಾರೆ. ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು, ಅಂಥ ಸ್ಮಾರಕಗಳ ಸಾಮಾನ್ಯ ನಿಯಮ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಬುದು. ಬಾಗಿಲು ತೆರೆದ ಕ್ಷಣವೇ ಒಳಹೊಕ್ಕರೂ ಒಂದಾದ ಮೇಲೊಂದು ಹೆಬ್ಬಾಗಿಲು ದಾಟಿ, ಏಕನಾಥೇಶ್ವರಿಯ ಗುಡಿಯ ಎತ್ತರಕ್ಕೆ ಬರುವಷ್ಟರಲ್ಲಿ ಸೂರ್ಯ ಮೊಳಕೆಯ ಹಂತ ದಾಟಿರುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಮಂಡಿನೋವಿನವರಿಗೆ ಕಾರಿನಲ್ಲಿ ಹತ್ತುವ ಬೆಟ್ಟ ಸುಲಭವೋ, ನುಣುಪಾದ ಕಲ್ಲುಮೆಟ್ಟಿಲಿನ ಕೋಟೆ ಸುಲಭವೋ? ಬಂಡೆಯಲ್ಲಿ ಕಡಿದ ಕಾಲ್ಗುಳಿಗಳನ್ನು ಹಿಡಿದು ಹತ್ತಬೇಕಾದ ತುಪ್ಪದ ಕೊಳದ ಬತೇರಿಯಂತೂ ನಮ್ಮಂಥವರ ಪಾಲಿಗೆ ಮುಗಿದ ಅಧ್ಯಾಯ. ಬಂಡೆಯ ಬಣ್ಣದ ಮಾತು ಮಾತ್ರ ನೂರಕ್ಕೆ ನೂರು ಸತ್ಯ. ಆದ್ದರಿಂದ ಜೋಗಿಮಟ್ಟಿಯಿಂದ ಇಳಿದ ಮೇಲೆ ಎಂಟರ ಹೊತ್ತಿಗೆ ಕೋಟೆಯ ಕೆಳಗಿನ ಸುತ್ತುಗಳಲ್ಲಿ ತಿರುಗಾಡಲಿ.

ಕೋಟೆ ಹಿಂದಿನ ಮನೆ (ಚಿತ್ರದುರ್ಗ)

ಪ್ರವೇಶ ನಿಲ್ಲಿಸಿದ್ದರೆ ಏನು ಮಾಡಬೇಕೆಂಬುದಕ್ಕೂ ಒಂದು ದಾರಿ ಇಟ್ಟುಕೊಳ್ಳಿ. ನಡೆಯಲಾಗದವರಿಗೆ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಒಳ್ಳೆಯ ಜಾಗ. ಎರಡು ಗುಡ್ಡಗಳ ನಡುವೆ ವೇದಾವತಿಗೆ 1898ರಿಂದ 1907ರವರೆಗೆ ಕಟ್ಟಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ತುಂಬಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅನಂತರ 2025ರ ಜನವರಿಯಲ್ಲಿ. ಅಲ್ಲಿ ಸೂರ್ಯ ನೀರಿನ ಮೇಲೆ ಹುಟ್ಟುವುದಿಲ್ಲ, ಏಕೆಂದರೆ ಹಿನ್ನೀರು ಹೊಸದುರ್ಗದ ಕಡೆಗೆ, ಪಶ್ಚಿಮಕ್ಕೆ ಚಾಚಿದೆ; ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ನೀರನ್ನು ಬೆಳಗಿಸುತ್ತದೆ. ಆದರೆ ದಾವಣಗೆರೆಯಿಂದ ದೂರ ಹೆಚ್ಚಾಯಿತು. ನಿಮ್ಮ ಕಡೆಯೇ ಆಗಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಇದೆ. ಅದು ಬೆಟ್ಟದ ನೋಟವಲ್ಲ ಎಂಬ ಕೊರತೆಯನ್ನು ಬಿಟ್ಟರೆ ಹಿರಿಯರಿಗೆ ಅಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ.

ಬೆಣ್ಣೆನಗರಿಯವ (ದಾವಣಗೆರೆ)

ಐದು ವಾರಗಳ ಬಳಿಕ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಮುದ್ರಿಸಿಕೊಂಡು ಹೋಗಿದ್ದೆವು, ಆದ್ದರಿಂದ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೇಷ್ಟ್ರು ಹೇಳಿದಂತೆ ಜನವರಿಯ ಕೊನೆಯ ಭಾನುವಾರವನ್ನು ಆರಿಸಿಕೊಂಡು, ಶನಿವಾರವೇ ಅರಣ್ಯ ಕಚೇರಿಗೆ ಫೋನಿನಲ್ಲಿ ವಿಚಾರಿಸಿ, ಬೆಳಗಿನ ನಾಲ್ಕೂಕಾಲಿಗೆ ಮನೆ ಬಿಟ್ಟೆವು. ತಂದೆಯವರು ಮೂರಕ್ಕೇ ಎದ್ದು, ಸ್ನಾನ ಮುಗಿಸಿ, ಗಿರಣಿಗೆ ಹೊರಡುತ್ತಿದ್ದ ದಿನಗಳಂತೆಯೇ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದರು. ಹೆದ್ದಾರಿಯ ಪಕ್ಕದಲ್ಲಿ ಒಂದು ಕಡೆ ಚಹಾ ಕುಡಿದರೂ ಆರಕ್ಕೆ ಹತ್ತು ನಿಮಿಷವಿರುವಾಗಲೇ ಚೆಕ್‌ಪೋಸ್ಟಿನಲ್ಲಿದ್ದೆವು. ಅಲ್ಲಿ ಇನ್ನೂ ಮೂರು ಗಾಡಿಗಳು ಕಾಯುತ್ತಿದ್ದವು. ಒಂದರಲ್ಲಿದ್ದ ಹುಡುಗರು ಹಾಡು ಜೋರಾಗಿ ಹಾಕಿಕೊಂಡಿದ್ದರಿಂದ ಕಾವಲಿನವರು ಅದನ್ನು ಆರಿಸಿದ ಮೇಲೆಯೇ ಗೇಟು ತೆಗೆಯುವುದೆಂದು ಹಟ ಹಿಡಿದರು. ಪಿಕಳಾರ ಅವರಿಗೆ ಇದು ತಿಳಿದರೆ ಸಂತೋಷವಾಗಬಹುದು.

ಕತ್ತಲು ಇನ್ನೂ ಹರಿಯದ ಆ ಹೊತ್ತಿನಲ್ಲಿ, ಎಲೆ ಉದುರುತ್ತಿರುವ ಕಾಡಿನ ನಡುವೆ, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುವುದನ್ನು ನೋಡುತ್ತಾ ಹತ್ತಿದೆವು. ಕಾರು ನಿಲ್ಲಿಸಿದ ಜಾಗದಿಂದ ಮೇಲಕ್ಕೆ ತಂದೆಯವರು ಮೂರು ಸಲ ಕುಳಿತರು. ಮಾತನಾಡುತ್ತಾ ನಡೆಯಬೇಕೆಂಬ ಸೂಚನೆಯನ್ನು ಅವರು ಅಕ್ಷರಶಃ ಪಾಲಿಸಿ, ಗಿರಣಿಯ ಕಥೆಗಳನ್ನು ಎತ್ತಿದ ದನಿಯಲ್ಲಿ ಹೇಳಿದ್ದರಿಂದ ಯಾವ ಕರಡಿಯೂ ಆ ದಿಕ್ಕಿಗೆ ಸುಳಿದಿರಲಾರದು. ಆರೂವರೆಗೆ ಮೇಲಿದ್ದೆವು.

ಪಶ್ಚಿಮದ ನೀಲಿ ಪಟ್ಟಿಯನ್ನು ಮೊದಲು ಗುರುತಿಸಿದವಳು ಮಗಳು. ಉತ್ತರದ ಕಡೆಗೆ ಮಂಜು ಇತ್ತು, ಆದರೆ ನಮ್ಮ ಕಾಲ ಕೆಳಗೆ. ಕೋಟೆಯ ಗುಡ್ಡಗಳು ತುದಿ ಮಾತ್ರ ಹೊರಗಿಟ್ಟುಕೊಂಡು ನಿಂತಿದ್ದವು. ತಂದೆಯವರು ಕಂಬಳಿ ಹೊದ್ದು ಗೋಣಿಯ ಮೇಲೆ ಕುಳಿತು, "ಅವತ್ತು ನಾವು ಕೂತಿದ್ದೂ ಇಲ್ಲೇ ಇರಬೇಕು, ಆದರೆ ಇಷ್ಟು ದೊಡ್ಡ ಬಯಲು ಇದೆ ಅಂತಲೇ ಗೊತ್ತಿರಲಿಲ್ಲ" ಎಂದರು. ಪೂರ್ವದಲ್ಲಿ ಕೆಂಪು ಏರಿತು, ಹಳದಿಯಾಯಿತು. ಹೊತ್ತು 6 ಗಂಟೆ 51 ನಿಮಿಷವಾಯಿತು, 53 ಆಯಿತು, ಸೂರ್ಯ ಕಾಣಲಿಲ್ಲ. ಪಕ್ಕದಲ್ಲಿದ್ದ ಇಬ್ಬರು ಇನ್ನೇನೂ ಇಲ್ಲವೆಂದು ಇಳಿಯತೊಡಗಿದರು. ನನಗೂ ಎದೆ ಧಸಕ್ಕೆಂದಿತು. ಕೊನೆಗೆ ಸರಿಯಾಗಿ 6 ಗಂಟೆ 58 ನಿಮಿಷಕ್ಕೆ, ದಿಗಂತದಲ್ಲಲ್ಲದೆ ಅದಕ್ಕಿಂತ ತುಸು ಮೇಲೆ, ಬೂದುಬಣ್ಣದ ಒಂದು ಗೆರೆಯ ಅಂಚಿನಿಂದ ಉಗುರಿನಷ್ಟು ಕೆಂಪು ಹೊರಬಂತು. ತಂದೆಯವರು ಕೈ ಮುಗಿಯಲಿಲ್ಲ, ಮಾತೂ ಆಡಲಿಲ್ಲ. ಅದು ಪೂರ್ತಿ ದುಂಡಗಾಗುವವರೆಗೆ ನೋಡಿ, "ಇನ್ನೂ ಬಿಸಿಯಿಲ್ಲ ನೋಡು" ಎಂದು ಅಂಗೈಯನ್ನು ಅದರ ಕಡೆಗೆ ಚಾಚಿದರು.

ಬೆಟ್ಟದ ನೆರಳು ತ್ರಿಕೋನವಾಗಿ ಕಾಣಿಸಲಿಲ್ಲ, ಮಂಜಿನ ಮೇಲೆ ಒಂದು ಮಬ್ಬು ಆಕಾರವಷ್ಟೇ ಕಂಡಿತು. ಹಿಮವತ್ಕೇದಾರಕ್ಕೆ ಇಳಿಯುತ್ತೇನೆಂದು ಅವರು ಹಟ ಮಾಡಿದ್ದನ್ನೂ ನಾವು ಬಿಡದಿದ್ದುದನ್ನೂ ವಿವರಿಸುವುದಿಲ್ಲ. ಕೋಟೆಯಲ್ಲಿ ಕೆಳಗಿನ ಸುತ್ತನ್ನು ಮಾತ್ರ ನೋಡಿದೆವು. ಬತೇರಿಯವರೇ, ಆ ಬಣ್ಣದ ವಿಷಯದಲ್ಲಿ ನೀವು ಹೇಳಿದ್ದು ಸರಿ.

ಮಗಳದು ಒಂದು ಪ್ರಶ್ನೆ ಉಳಿದಿದೆ. ಬೆಟ್ಟದ ಮೇಲಿನವರಿಗೆ ಎರಡು ನಿಮಿಷ ಮುಂಚೆ ಕಾಣಬೇಕೆಂದು ಮೇಷ್ಟ್ರು ಬರೆದಿದ್ದಾರೆ. ಏಳು ನಿಮಿಷ ತಡವಾದದ್ದೇಕೆ?

ಭೂಗೋಳದ ಮೇಷ್ಟ್ರು (ಹೊಳಲ್ಕೆರೆ)

ಪುಟ್ಟಿಗೆ ಹೇಳಿ: ಅವಳ ಗಡಿಯಾರವೂ ಸರಿ, ನನ್ನ ಲೆಕ್ಕವೂ ಸರಿ. ನೀವು ಬರೆದ ಬೂದುಗೆರೆ ದೂರದ ಮೋಡದ ಪಟ್ಟಿ. ಸೂರ್ಯ ಅದರ ಹಿಂದೆ 6 ಗಂಟೆ 51 ನಿಮಿಷಕ್ಕೇ ಹುಟ್ಟಿ, ಏಳು ನಿಮಿಷ ಅದನ್ನು ಹತ್ತಿ ಹೊರಬಂದಿದ್ದಾನೆ. ನಮ್ಮ ಅಕ್ಷಾಂಶದಲ್ಲಿ ಆ ದಿನಗಳಲ್ಲಿ ಹುಟ್ಟುವ ಸೂರ್ಯ ಗಂಟೆಗೆ ಸುಮಾರು 13.7 ಡಿಗ್ರಿ ಮೇಲೇರುತ್ತಾನೆ. ಏಳು ನಿಮಿಷಕ್ಕೆ ಎಷ್ಟಾಯಿತೆಂದು ಅವಳೇ ಲೆಕ್ಕ ಹಾಕಲಿ. ಒಂದೂವರೆ ಡಿಗ್ರಿಯ ಮೇಲೆ ಸ್ವಲ್ಪ ಬರುತ್ತದೆ. ತೋಳನ್ನು ನೀಳವಾಗಿ ಚಾಚಿ ಕಿರುಬೆರಳನ್ನು ದಿಗಂತಕ್ಕೆ ಅಡ್ಡ ಹಿಡಿದರೆ ಅದರ ಅಗಲ ಒಂದು ಡಿಗ್ರಿಯಷ್ಟು. ಆ ಮೋಡ ಒಂದೂವರೆ ಕಿರುಬೆರಳಿನಷ್ಟು ದಪ್ಪವಾಗಿತ್ತೇ ಎಂದು ಅಜ್ಜನನ್ನು ಕೇಳಿ ನೋಡಲಿ. ನೂಲಿನ ಎಳೆ ನೋಡಿದ ಕಣ್ಣು, ಅವರಿಗೆ ನೆನಪಿರುತ್ತದೆ.

ಬೆಣ್ಣೆನಗರಿಯವ (ದಾವಣಗೆರೆ)

ಕೇಳಿದಳು, ಮೇಷ್ಟ್ರೇ. "ಎರಡು ಬೆರಳಿಗೆ ಸ್ವಲ್ಪ ಕಡಿಮೆ" ಎಂದರು.